ಒಂದೇ ಸಾಲಿನ ಗಾಯಕಿ

ನಾನು ಹಾಡೋದು ಹೌಸ್ ಮ್ಯೂಸಿಕ್. ಕುಣಿಯೋರಿಗಾಗಿ ಧಪ್ ಧಪ್ ಅಂತ ಒಂದೇ ಸಮ ತಾಳ ಬೀಳುತ್ತಿರುತ್ತೆ, ಅದರ ಮೇಲೆ ಒಂದು ಸಾಲನ್ನು ತಿರುಗಿ ತಿರುಗಿ ಹಾಡಬೇಕು. ಸಿದ್ಧಾರ್ಥನಗರದ ಬಾಡಿಗೆ ಮನೆಯ ಮಹಡಿಯಲ್ಲಿ ಒಬ್ಬಳೇ ಹಾಡಿ, ರೆಕಾರ್ಡ್ ಮಾಡಿ, ಹೊರದೇಶದ ಡಿಜೆ ಒಬ್ಬನಿಗೆ ಕಳಿಸುತ್ತೇನೆ. ಅಲ್ಲಿ ಸಾವಿರಾರು ಜನ ಕುಣಿಯುತ್ತಾರಂತೆ. ಇಲ್ಲಿ ಮಾತ್ರ ನನ್ನ ಕಸುಬು ಏನು ಅಂತ ಹೇಳಿ ಮುಗಿಸುವಷ್ಟರಲ್ಲಿ ಏನಾದರೊಂದು ಎಡವಟ್ಟು ಆಗೇ ಆಗುತ್ತೆ.

ಗೃಹಪ್ರವೇಶ

ಪರಿಚಯದವರೊಬ್ಬರು ಫೋನ್ ಮಾಡಿದರು. "ಹೌಸ್ ಮ್ಯೂಸಿಕ್ ಹಾಡ್ತೀರಂತಲ್ಲ ಮೇಡಂ, ನಮ್ಮ ಹೊಸ ಮನೆ ಗೃಹಪ್ರವೇಶಕ್ಕೆ ಬಂದು ಹಾಡ್ಬೇಕು."

ಅದು ಆ ಹೌಸ್ ಅಲ್ಲ ಅನ್ನಬೇಕಿತ್ತು. ಆದರೆ ಈ ಊರಲ್ಲಿ ನನ್ನನ್ನು ಹಾಡೋಕೆ ಕರೆದವರು ಅವರೇ ಮೊದಲು. ಹ್ಞೂಂ ಅಂದುಬಿಟ್ಟೆ. ರೇಷ್ಮೆ ಸೀರೆ ಉಟ್ಟು ಹೋಗಿ, ಕಣ್ಣು ಮುಚ್ಚಿ "ಬೆಳಕಾಗಲಿ, ಬೆಳಕಾಗಲಿ" ಅಂತ ಶುರು ಮಾಡಿದೆ. ಹದಿನಾರನೇ ಸಲಕ್ಕೆ ಎದುರಿಗೆ ಕೂತಿದ್ದ ಅಜ್ಜಿ ಎದ್ದು ಬಂದು ನನ್ನ ಕೈ ಹಿಡಿದರು.

"ಮುಂದಿನ ಸಾಲು ಮರ್ತೋಯ್ತಾ ಮಗಾ? ಓಗ್ಲಿ ಬುಡು. ಬಾ, ಊಟ ಮಾಡು."

ಬಸ್ಸಿನಲ್ಲಿ

ಹೆಬ್ಬಾಳದ ಬಸ್ಸಿನಲ್ಲಿ, ಶಿಫ್ಟಿಗೆ ಹೊರಟ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಅವಳ ಫೋನಿನಿಂದ ಬರುತ್ತಿದ್ದದ್ದು ನನ್ನದೇ ದನಿ! ತಡೆಯಲಾರದೆ ಹೇಳಿದೆ, "ಇದನ್ನ ಹಾಡಿರೋದು ನಾನು ಕಣಮ್ಮ."

ಅವಳು ಬ್ಯಾಗನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡಳು. "ಇದು ಕಂಪ್ಯೂಟರ್ ಹಾಡಿರೋದು ಆಂಟಿ."

ಅಲ್ಲೇ ಒಂದು ಸಾಲು ಹಾಡಿ ತೋರಿಸಿದೆ.

"ಪರವಾಗಿಲ್ವೇ ಆಂಟಿ! ಕಂಪ್ಯೂಟರ್ ಥರಾನೇ ಹಾಡ್ತೀರ."

ನಾನು ಇಳಿಯಬೇಕಾದದ್ದು ಇನ್ನೂ ಎರಡು ಸ್ಟಾಪು ಮುಂದೆ. ಅಲ್ಲೇ ಇಳಿದುಬಿಟ್ಟೆ.

ಚಿಲಕ

ಯಾರನ್ನೋ ಕರೆಯುವ ಹಾಗಿರುವ ಒಂದು ಸಾಲು ಕನ್ನಡದಲ್ಲೇ ಬೇಕು ಅಂತ ಡಿಜೆ ಕೇಳಿದ್ದ. ಆ ವಾರ ಹಾಲಿನವರನ್ನು ಬಿಟ್ಟು ಯಾರ ಜೊತೆಯೂ ಮಾತಾಡಿರಲಿಲ್ಲ, ಹಾಗಾಗಿ ಕರೆಯುವುದು ಕಷ್ಟವಾಗಲಿಲ್ಲ. ಚಿಲಕ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, "ಒಳಗೆ ಬಾ... ಒಳಗೆ ಬಾ..." ಅಂತ ಅರ್ಧ ಗಂಟೆ ಮನಸಾರೆ ಹಾಡಿದೆ. ಒಮ್ಮೆಯೂ ಹಾಕಿ ಕೇಳದೆ ಹಾಗೇ ಕಳಿಸಿದೆ.

ಮಾರನೇ ದಿನ ಉತ್ತರ ಬಂತು: "ನಿನ್ನ ದನಿ ತೆಗೆದುಹಾಕಿದ್ದೇನೆ. ನಡುನಡುವೆ ಹಾಡಿರುವ ಆ ಇನ್ನೊಬ್ಬ ಗಾಯಕಿ ಯಾರು? ಅದ್ಭುತ!"

ಗಾಬರಿಯಿಂದ ರೆಕಾರ್ಡಿಂಗ್ ಹಾಕಿ ಕೇಳಿದೆ. ನನ್ನ ಒಂದೊಂದು "ಒಳಗೆ ಬಾ" ಆದ ಮೇಲೂ ಬಾಗಿಲು ಬಡಿಯುವ ಸದ್ದು, ಅದರ ಹಿಂದೆಯೇ ಕೆಳಗಿನ ಮನೆಯ ಓನರಮ್ಮನ ದನಿ: "ಬಂದಿವ್ನಿ ಕಣಮ್ಮ, ಬಾಗ್ಲು ತೆಗಿ!"

ಕೆಳಗಿಳಿದು ಹೋಗಿ ಅವರಿಗೂ ಕೇಳಿಸಿದೆ. ತಮ್ಮ ದನಿ ಕೇಳಿ ಅವರೇನೂ ಬೆರಗಾಗಲಿಲ್ಲ.

"ಬಿಸಿ ಒಬ್ಬಟ್ಟು ತಂದಿದ್ದೆ ಕಣಮ್ಮ. ಒಳಗೆ ಬಾ, ಒಳಗೆ ಬಾ ಅಂತ ಒಂದೇ ಸಮ ಕರೀತೀಯ, ಚಿಲಕ ಮಾತ್ರ ತೆಗಿಯಾಕಿಲ್ಲ. ನಿಂತೂ ನಿಂತೂ ಸಾಕಾಗಿ, ನಿನ್ನ ಮೆಟ್ಟಿಲ ಮೇಲೇ ಕೂತ್ಕೊಂಡು ಎಲ್ಲಾನೂ ನಾನೇ ತಿಂದ್ಬುಟ್ಟೆ!"