ಆಹಾರದ ಕಾರ್ಡಿಗೆ ಬಂದ ಬಲೆ

ಅಂದಿನ ತಾಪತ್ರಯಕ್ಕೆಲ್ಲ ಮೂಲ, ಅಂಗಡಿಯ ಗಲ್ಲಾದ ಹಿಂದೆ ಅಂಟಿಸಿದ್ದ ಒಂದು ಹಾಳೆ. ಅದು ಅಲ್ಲಿ ಎಷ್ಟೋ ವರ್ಷಗಳಿಂದ ಇತ್ತು. ಝಕಾರ್ ಅದನ್ನು ಸಾವಿರ ಸಲ ನೋಡಿದ್ದ, ಒಂದು ಸಲವೂ ಓದಿರಲಿಲ್ಲ. ಆ ಬೆಳಿಗ್ಗೆ ಅವನ ಮುಂದೆ ನಿಂತಿದ್ದ ಹೆಂಗಸೊಬ್ಬಳು, ಮಗುವಿನ ಡಯಾಪರ್ ಯಾಕೆ ಕಾರ್ಡಿಗೆ ಬರುವುದಿಲ್ಲ ಎಂದು ಅಂಗಡಿಯ ಅಕ್ಸೀನ್ಯಾಳ ಜೊತೆ ವಾದಕ್ಕೆ ನಿಂತಳು. ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಬೇರೆ ಕೆಲಸವಿಲ್ಲದೆ ಝಕಾರ್ ಹಾಳೆ ಓದಿದ.

ಸರ್ಕಾರ ಕೊಡುವ ಆಹಾರದ ಕಾರ್ಡಿನಲ್ಲಿ ಯಾವುದನ್ನು ಕೊಳ್ಳಬಹುದು, ಯಾವುದನ್ನು ಕೊಳ್ಳುವಂತಿಲ್ಲ ಎಂಬ ಪಟ್ಟಿ ಅದು. ಹಿಟ್ಟು, ಸಕ್ಕರೆ, ಮಾಂಸ, ಹಾಲಿನ ಪುಡಿ ಬರುತ್ತದೆ. ಸೋಪು, ಸಿಗರೇಟು, ಬಿಸಿಬಿಸಿ ಊಟ ಬರುವುದಿಲ್ಲ. ಇಷ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಅಲಾಸ್ಕಾದ ದೂರದ ಹಳ್ಳಿಗಳವರು ಹೊಟ್ಟೆಪಾಡಿಗೆ ಮೀನು ಹಿಡಿಯುವ ಸಾಮಾನನ್ನೂ ಕೊಳ್ಳಬಹುದು. ಗಾಳ, ಹಗ್ಗ, ಚಾಕು, ಬಲೆ.

ಬಲೆ ಎಂಬ ಶಬ್ದದ ಮೇಲೆ ಝಕಾರನ ಕಣ್ಣು ನಿಂತುಬಿಟ್ಟಿತು.

ಅವನ ಮಾವ ಯಾಕೊವ್ ತೀರಿಕೊಂಡು ಮರುದಿನಕ್ಕೆ ನಲವತ್ತು ದಿನ. ನಲವತ್ತನೆಯ ದಿನದ ಊಟಕ್ಕೆ ಊರೇ ಬರುತ್ತದೆ. ಹೆಂಡತಿ ನಸ್ತಾಸ್ಯಾ ಕಾರ್ಡು ಮತ್ತು ಚೀಟಿ ಕೊಟ್ಟು ಕಳಿಸಿದ್ದಳು: ಹಿಟ್ಟು, ಸಕ್ಕರೆ, ಚಹಾಪುಡಿ, ಗಟ್ಟಿ ಬಿಸ್ಕತ್ತು, ಬೆರ್ರಿ ಹಣ್ಣಿಗೆ ಕಲಸಿ ಅಕುಟಕ್ ಎಂಬ ಸಿಹಿ ಮಾಡಲು ಎರಡು ಡಬ್ಬ ಕೊಬ್ಬು. ತಿಂಗಳು ಈಗಷ್ಟೇ ಹುಟ್ಟಿತ್ತು, ಕಾರ್ಡು ತುಂಬಿತ್ತು.

ಯಾಕೊವ್ ಬೇಸಿಗೆಯೆಲ್ಲ ಹಾಸಿಗೆ ಹಿಡಿದಿದ್ದ. ಕಿಟಕಿಯಿಂದ ಕಸ್ಕೊಕ್ವಿಮ್ ನದಿ ನೋಡುತ್ತ ಅಳಿಯನನ್ನು ಕೇಳಿದ್ದು ಒಂದೇ: "ಒಂದು ಹಸಿ ಬಿಳಿಮೀನು ತಿನ್ನಬೇಕು ಕಣೋ. ಕೊಂಡದ್ದು, ಕೊಟ್ಟದ್ದು ಬೇಡ. ನೀನು ಹಿಡಿದದ್ದು." ಝಕಾರ್ ನದಿಯ ಕೆಳಗಿನ ದೊಡ್ಡ ಊರಿನವನು. ವಿಮಾನದ ಸರಕು ಇಳಿಸುವವನ ಮಗ. ಹದಿನೈದು ವರ್ಷದಿಂದ ಈ ಊರಿನ ಅಳಿಯನಾಗಿ, ಶಾಲೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬೇರೆಯವರ ದೋಣಿಯಲ್ಲಿ ಹಗ್ಗ ಹಿಡಿದಿದ್ದನೇ ಹೊರತು ತಾನಾಗಿ ಬಲೆ ಬಿಟ್ಟವನಲ್ಲ. ನೀರು ಜಾಸ್ತಿ ಎಂದ, ಗಾಳಿ ಜಾಸ್ತಿ ಎಂದ, ಮನೆಯ ಬಲೆ ಹರಿದಿದೆ ಎಂದ. ಮೂರೂ ನಿಜವೇ. ಆದರೆ ಅದೇ ಗಾಳಿಯಲ್ಲಿ, ಅದೇ ನೀರಿನಲ್ಲಿ ಊರಿನ ಉಳಿದವರೆಲ್ಲ ಮೀನು ಹಿಡಿದಿದ್ದರು. ಮುದುಕ ಸೆಪ್ಟೆಂಬರಿನಲ್ಲಿ ಹೋಗಿಬಿಟ್ಟ.

"ಅಕ್ಕ," ಎಂದ ಝಕಾರ್, ತನ್ನ ಸರದಿ ಬಂದಾಗ. "ಆ ಗೋಡೆ ಮೇಲಿರೋ ಬಲೆ ಕಾರ್ಡಿಗೆ ಬರುತ್ತಾ?"

"ಹಾಳೇಲಿ ಬರ್ದಿದೆ ಅಂದ್ಮೇಲೆ ಬರುತ್ತೆ," ಎಂದಳು ಅಕ್ಸೀನ್ಯಾ. "ಯಾರಿಗೆ ಬಲೆ?"

"ನನಗೆ."

ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಜ್ಮಾ ಅಜ್ಜ ಕೂತಿದ್ದ. ಎಂಬತ್ತು ದಾಟಿದವನು, ಯಾಕೊವ್‌ನ ಜೀವದ ಗೆಳೆಯ. ಕೈಯಲ್ಲಿ ಸದಾ ರೇಡಿಯೋ. ಆ ಊರಿನ ಪ್ರತಿ ಮನೆಯಲ್ಲೂ ಅಂಥದ್ದೊಂದು ಇತ್ತು. ಒಬ್ಬರು ಗುಂಡಿ ಒತ್ತಿ ಮಾತಾಡಿದರೆ ಎಲ್ಲರಿಗೂ ಕೇಳುತ್ತಿತ್ತು. ಅಜ್ಜ ತಡಮಾಡಲಿಲ್ಲ.

"ಎಲ್ರೂ ಕೇಳಿಸ್ಕೊಳ್ರಪ್ಪೋ. ಬಾಯ್ಲರ್ ಝಕಾರ್ ಬಲೆ ತಗೊಳ್ತಿದಾನೆ. ಮೀನುಗಳಿಗೆ ಯಾರಾದ್ರೂ ಹೇಳಿ, ಹೆದರ್ಕೋಬೇಡಿ ಅಂತ."

ರೇಡಿಯೋದಲ್ಲಿ ನಾಲ್ಕಾರು ಮನೆಗಳ ನಗು ಗರಗರ ಎಂದಿತು. ಝಕಾರನ ಕಿವಿ ಕೆಂಪಾಯಿತು. ನಗು ಕೇಳಿದ ಮೇಲೆ ಹಿಂದೆ ಸರಿಯುವ ದಾರಿಯೇ ಮುಚ್ಚಿಹೋಯಿತು.

"ಮಂಜುಗಡ್ಡೆ ಕುಟ್ಟೋ ಹಾರೆ?" ಎಂದು ಕೇಳಿದ.

"ಬರುತ್ತೆ."

"ಹಗ್ಗ? ಬಲೆ ತಳ್ಳೋಕೆ ಕೋಲು?"

"ಬರುತ್ತೆ, ಬರುತ್ತೆ."

"ದಪ್ಪ ಕೈಗವಸು?"

"ಬರಲ್ಲ. ಅದು ಬಟ್ಟೆ."

"ಅಕ್ಕ, ಕೈಗವಸಿಲ್ದೆ ನೀರಲ್ಲಿ ಕೈ ಹಾಕೋದು ಹೆಂಗೆ?"

"ಸರ್ಕಾರ ನಿನ್ನ ಹೊಟ್ಟೆ ನೋಡ್ಕೊಳ್ಳುತ್ತೆ ಕಣೋ, ಕೈ ನೀನೇ ನೋಡ್ಕೋ."

"ಮೀನು ತರೋಕೆ ಮಂಜಿನ ಮೇಲೆ ಎಳೆಯೋ ಸ್ಲೆಡ್ಡು?"

"ಬರಲ್ಲ. ಅದು ವಾಹನ."

"ಅಜ್ಜನ ಬಾಯಿಗೆ ಹಾಕೋಕೆ ಬೀಗ?" ಎಂದ ಝಕಾರ್ ಹಲ್ಲು ಕಚ್ಚಿ.

ಅಕ್ಸೀನ್ಯಾ ನಕ್ಕು ಕಾರ್ಡು ಎಳೆದಳು. ಯಂತ್ರ ಕುಂಯ್ ಎಂದಿತು. ಹಿಟ್ಟು, ಸಕ್ಕರೆ ಎಂದು ಝಕಾರ್ ಚೀಟಿ ಬಿಚ್ಚಿದಾಗ ಅವಳು ಆಗದೆಂದು ತಲೆಯಾಡಿಸಿದಳು. ಕಾರ್ಡಿನಲ್ಲಿ ಉಳಿದದ್ದಕ್ಕೆ ಒಂದು ಪೊಟ್ಟಣ ಚಹಾಪುಡಿ ಬಂತು, ಅದೂ ಚಿಕ್ಕದು.

ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಸ್ತಾಸ್ಯಾ ಬಾಗಿಲಲ್ಲೇ ನಿಂತಿದ್ದಳು.

"ನಾಳೆ ಬಂದೋರಿಗೆ ಏನು ಬಡಿಸ್ಲಿ? ಬಲೆ ಕುದಿಸಿ ಬಡಿಸ್ಲಾ?"

"ಮೀನು ಬಡಿಸೋಣ. ಸಾಯಂಕಾಲದೊಳಗೆ ತರ್ತೀನಿ."

"ಅಪ್ಪ ಕೇಳಿದಾಗ ತಂದಿದ್ರೆ ಆಗ್ತಿರ್ಲಿಲ್ವಾ?"

ಝಕಾರ್ ಚಹಾಪುಡಿಯ ಪೊಟ್ಟಣ ಮೇಜಿನ ಮೇಲಿಟ್ಟ. ಒಲೆಯ ಪಕ್ಕ ಕೂತಿದ್ದ ಅತ್ತೆ ಮತ್ರೋನಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಬಲೆ ತಂದಿದಾನಲ್ಲ, ನೀರಿಗೆ ಬಿಡ್ಲಿ," ಎಂದಳು. ಬೈದಿದ್ದರೆ ಝಕಾರನಿಗೆ ಹಗುರವಾಗುತ್ತಿತ್ತು.

ನದಿ ಹೆಪ್ಪುಗಟ್ಟಿ ಎರಡು ವಾರವಾಗಿತ್ತು. ಮಂಜುಗಡ್ಡೆಯ ಅಡಿಯಲ್ಲಿ ಬಲೆ ಬಿಡುವುದೆಂದರೆ ಸಾಲಾಗಿ ಕುಳಿ ತೋಡಿ, ಕೋಲಿಗೆ ಹಗ್ಗ ಕಟ್ಟಿ ಒಂದು ಕುಳಿಯಿಂದ ಇನ್ನೊಂದಕ್ಕೆ ತಳ್ಳಿ, ಆ ಹಗ್ಗದಿಂದ ಬಲೆಯನ್ನು ಎಳೆದುಕೊಳ್ಳಬೇಕು. ಕೇಳಲು ಸುಲಭ. ಝಕಾರನ ಕುಳಿಗಳು ಕುಡಿದವನ ಹೆಜ್ಜೆಯ ಹಾಗೆ ಅಲ್ಲೊಂದು ಇಲ್ಲೊಂದು ಬಿದ್ದವು. ಮೂರನೆಯ ಕುಳಿ ತೋಡುವಾಗ ಎರಡನೆಯದರಲ್ಲಿ ಕಾಲು ಹೋಯಿತು. ಬೂಟಿನ ತುಂಬ ನೀರು. ತೂತುಬಿದ್ದ ಹಳೆಯ ಕೈಗವಸು ನೆನೆದು, ಕ್ಷಣದಲ್ಲಿ ಹಲಗೆಯಾಯಿತು.

"ಕೋಲು ಒಳಗೆ ಹೋಯ್ತು," ದಂಡೆಯಿಂದ ಕುಜ್ಮಾ ಅಜ್ಜ ಊರಿಗೆ ವರದಿ ಕೊಡುತ್ತಿದ್ದ. "ಹೊರಗೆ ಬರ್ಲಿಲ್ಲ. ಕೋಲು ಸಮುದ್ರದ ಕಡೆ ಹೊರಟಿರ್ಬೇಕು. ಕೆಳಗಿನೂರಿನೋರು ಯಾರಾದ್ರೂ ಕಂಡ್ರೆ ತಿಳಿಸಿ."

"ಅಜ್ಜ, ನಗೋ ಬದ್ಲು ಹೇಳ್ಕೊಡಬಾರ್ದಾ?" ಝಕಾರನ ದನಿ ಒಡೆದಿತ್ತು.

ಅಜ್ಜ ಅವನ ಮುಖ ನೋಡಿದ. ರೇಡಿಯೋ ಜೇಬಿಗಿಟ್ಟು, ಊರುಗೋಲು ಕುಟ್ಟುತ್ತ ಮಂಜಿನ ಮೇಲೆ ಬಂದ. "ಎಡಕ್ಕೆ. ಇನ್ನೂ ಎಡಕ್ಕೆ. ನೀರು ಎತ್ತ ಹರಿಯುತ್ತೆ ಅಂತ ನೋಡೋ ಮಾರಾಯ, ಇದು ಬಾಯ್ಲರ್ ಅಲ್ಲ." ಮನೆಗಳಿಂದ ಇನ್ನೂ ಮೂರು ನಾಲ್ಕು ಜನ ಇಳಿದು ಬಂದರು. ಸಹಾಯಕ್ಕೆಂದು ಬಂದವರು ಕಡಿಮೆ, ಸಲಹೆಗೆಂದು ಬಂದವರೇ ಹೆಚ್ಚು. ಆದರೂ ಮಧ್ಯಾಹ್ನ ಒಂದರ ಹೊತ್ತಿಗೆ ಬಲೆ ನೀರಿಗಿಳಿಯಿತು. "ಕುಳಿ ತೋಡಿದ್ದು ಅವನು, ಬಿಟ್ಟದ್ದು ಅವನು," ಎಂದ ಅಜ್ಜ ಎಲ್ಲರಿಗೂ. "ನಾವು ಬರೀ ಬಾಯಿ ಹಾಕಿದ್ದು."

ಹೊತ್ತು ಮುಳುಗುವ ಮುಂಚೆ ಬಲೆ ಎತ್ತಲು ಹೋದಾಗ ಅರ್ಧ ಊರು ಅಲ್ಲಿತ್ತು. ಬೇರೆ ಮನರಂಜನೆ ಆ ದಿನ ಇರಲಿಲ್ಲ. ಝಕಾರ್ ಬರಿಗೈಯಲ್ಲಿ ಹಗ್ಗ ಹಿಡಿದು ಎಳೆದ. ಬರಲಿಲ್ಲ. ತಳದಲ್ಲಿ ಏನಕ್ಕೋ ಸಿಕ್ಕಿಕೊಂಡಿರಬೇಕು ಎಂದು ಯಾರೋ ಅಂದರು. ಮತ್ತೆ ಎಳೆದ. ಕಪ್ಪು ನೀರು ಅಲುಗಿತು, ಮೊದಲ ಮೀನು ಕುಳಿಯ ಬಾಯಿಗೆ ಬಂದು ಬೆಳ್ಳಗೆ ಮಿಂಚಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮೂರು ಒಟ್ಟಿಗೆ. ಅವನಿಗೆ ನಿಲ್ಲಿಸುವುದೇ ಮರೆತುಹೋಯಿತು.

"ಆ ಕೊನೆಗೆ ಹಗ್ಗ ಕಟ್ಟಿದ್ಯೇನೋ?" ಅಜ್ಜ ಕೂಗಿದ. "ಇಲ್ದಿದ್ರೆ ಬಲೆ ವಾಪಸ್ ಮಂಜಿನಡಿಗೆ ಎಳೆಯೋಕಾಗಲ್ಲ!"

ಕಟ್ಟಿರಲಿಲ್ಲ. ಬಲೆಯ ಬಾಲ ಆಗಲೇ ಕುಳಿಯಿಂದ ಹೊರಬಂದಿತ್ತು. ಇಡೀ ಬಲೆ ಮಂಜಿನ ಮೇಲೆ ಬಿದ್ದು, ನೋಡನೋಡುತ್ತಲೇ ತಂತಿಯ ಬೇಲಿಯಂತೆ ಸೆಟೆದುಕೊಂಡಿತು. ಯಾರಿಗೆ ಬೇಕು ಬಲೆ! ಮೂವತ್ತರ ಮೇಲೆ ಬಿಳಿಮೀನು, ಒಂದೊಂದೂ ಮೊಣಕೈ ಉದ್ದ, ಅವನ ಕಾಲ ಸುತ್ತ ಬಿದ್ದಿದ್ದವು. ಝಕಾರ್ ಆಗಲೇ ಮರುದಿನದ ಮೇಜನ್ನು ಕಾಣುತ್ತಿದ್ದ: ಒಂದು ತುದಿಯಲ್ಲಿ ಮಾವನ ಫೋಟೋ, ಎದುರಿಗೆ ಹಬೆಯಾಡುವ ಮೀನು, ಯಾರು ಹಿಡಿದದ್ದು ಎಂದು ಕೇಳುವ ಜನ.

ಅತ್ತೆ ಮತ್ರೋನಾ ತನ್ನ ಅರ್ಧಚಂದ್ರದ ಚಾಕು ಹಿಡಿದು ದಂಡೆ ಇಳಿದು ಬಂದಳು. ಹಿಂದೆ ನಸ್ತಾಸ್ಯಾ. ಮುದುಕಿ ಒಂದು ಮೀನು ಎತ್ತಿ, ತಿರುಗಿಸಿ ನೋಡಿದಳು.

"ಝಕಾರ್, ಇದಕ್ಕೆ ಮುಂಚೆ ಯಾವತ್ತಾದ್ರೂ ನೀನೇ ಬಲೆ ಬಿಟ್ಟು ಮೀನು ಹಿಡಿದಿದ್ಯಾ?"

ಅತ್ತೆಯ ಬೆನ್ನ ಹಿಂದೆ ನಸ್ತಾಸ್ಯಾ ಹಿಡಿದಿದ್ದೇನೆ ಅನ್ನು, ಅನ್ನು ಎಂದು ಕಣ್ಣು, ಹುಬ್ಬು, ಕತ್ತು ಎಲ್ಲವನ್ನೂ ಒಟ್ಟಿಗೆ ಕುಣಿಸಿದಳು. ಎದೆಯುಬ್ಬಿಸಿ ನಿಂತವನಿಗೆ ಹೆಂಡತಿಯ ಹುಬ್ಬು ಎಲ್ಲಿ ಕಾಣಬೇಕು?

"ಇಲ್ಲ ಅತ್ತೆ! ನನ್ನ ಕೈಯಿಂದ ಇದೇ ಮೊದಲು!"

ಜನರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು.

"ಹಂಗಾದ್ರೆ ಗೊತ್ತಲ್ಲ," ಎಂದಳು ಅತ್ತೆ. "ಮೊದಲನೇ ಸಲ ಹಿಡಿದ ಮೀನು ಹಿಡಿದೋನ ಮನೆಗೆ ಬರೋ ಹಂಗಿಲ್ಲ. ಎಲ್ಲಾ ಹಿರಿಯರ ಮನೆಗೆ ಹೋಗ್ಬೇಕು. ಒಂದೂ ಉಳಿಸೋ ಹಂಗಿಲ್ಲ."

"ಅತ್ತೆ, ಅದು ಏಳೆಂಟು ವರ್ಷದ ಮಕ್ಕಳಿಗೆ! ನನಗೆ ನಲವತ್ತಮೂರು!"

"ತಡವಾದ್ರೆ ತಪ್ಪು ಯಾರದ್ದು?"

ನಸ್ತಾಸ್ಯಾ ಹಣೆ ಚಚ್ಚಿಕೊಂಡಳು.

ಎರವಲು ಸ್ಲೆಡ್ಡಿನಲ್ಲಿ ಮೀನು ಹೇರಿಕೊಂಡು ಝಕಾರ್ ಮನೆಮನೆಗೆ ಹೋದ. ಪ್ರತಿ ಬಾಗಿಲಲ್ಲೂ ಒಬ್ಬ ಅಜ್ಜಿಯೋ ಅಜ್ಜನೋ ಮೀನು ಇಸಿದುಕೊಂಡು, ಪುಟ್ಟ ಹುಡುಗನಿಗೆ ಮಾಡುವಂತೆ ಅವನ ಕೆನ್ನೆ ತಟ್ಟಿದರು. "ಜಾಣ ಮರಿ, ದೊಡ್ಡ ಬೇಟೆಗಾರ ಆಗು," ಎಂದು ಹರಸಿದರು. ಒಬ್ಬ ಅಜ್ಜಿ ಕೈಗೆ ಮಿಠಾಯಿ ಕೊಟ್ಟಳು. ಗಡ್ಡ ನೆರೆಯುತ್ತಿದ್ದ ಮನುಷ್ಯ ಅದನ್ನು ಬಾಯಿಗೆ ಹಾಕಿಕೊಂಡು ಮುಂದಿನ ಮನೆಗೆ ಸ್ಲೆಡ್ಡು ಎಳೆದ. ನಗಬೇಕೋ ಅಳಬೇಕೋ ಅವನಿಗೇ ತಿಳಿಯಲಿಲ್ಲ.

ಕೊನೆಗೆ ಉಳಿದದ್ದು ಒಂದೇ, ಎಲ್ಲಕ್ಕಿಂತ ದೊಡ್ಡದು. ಅದನ್ನು ಊರಿನ ಅತಿ ಹಿರಿಯನಿಗೆ ಕೊಡು ಎಂದು ಅತ್ತೆ ಬೇರೆಯಾಗಿ ಎತ್ತಿಟ್ಟಿದ್ದಳು. ಕುಜ್ಮಾ ಅಜ್ಜನ ಬಾಗಿಲು.

ಅಜ್ಜ ತಮಾಷೆ ಮಾಡುತ್ತಾನೆಂದು ಝಕಾರ್ ಕಾದ. ಅಜ್ಜ ಮಾಡಲಿಲ್ಲ. ಎರಡೂ ಕೈಯಲ್ಲಿ ಮೀನು ತೆಗೆದುಕೊಂಡು ತುಂಬ ಹೊತ್ತು ಅದರ ತೂಕ ನೋಡಿದ.

"ಊರಿಗೆ ದೊಡ್ಡೋನು ಅನ್ನಿಸ್ಕೊಂಡು ನನಗೆ ನಲವತ್ತು ದಿನ ಆಗ್ಲಿಲ್ಲ ಇನ್ನೂ," ಎಂದ. "ಅಭ್ಯಾಸ ಆಗಿಲ್ಲ ಕಣಪ್ಪ. ಅಲ್ಲೀವರೆಗೆ ಯಾಕೊವ್ ಇದ್ನಲ್ಲ, ನನಗಿಂತ ಆರು ತಿಂಗಳು ದೊಡ್ಡೋನು."

ಝಕಾರ್ ತಲೆ ಎತ್ತಿದ.

"ಬೇಸಿಗೇಲಿ ನೀನು ಹಿಡಿದಿದ್ರೂ ಇದೇ ಪದ್ಧತಿ," ಅಜ್ಜ ಮೆಲ್ಲಗೆ ಹೇಳಿದ. "ಎಲ್ಲಾ ಹಂಚ್ಬೇಕಾಗ್ತಿತ್ತು. ಆದ್ರೆ ಈ ದೊಡ್ಡದು ಮಾತ್ರ, ಊರಿಗೆ ದೊಡ್ಡೋನ ಪಾಲು ಅಂತ, ನಿಮ್ಮನೆಗೇ ಬರ್ತಿತ್ತು. ಅವನ ಹಾಸಿಗೆ ಹತ್ರಕ್ಕೇ."

ಒಳಗೆ ಬಾ, ಚಹಾ ಕುಡಿ ಎಂದು ಅಜ್ಜ ಕರೆದ. ಝಕಾರ್ ಒಲ್ಲೆನೆಂದು ಹೊರಟ.

ಮನೆಯಲ್ಲಿ ನಸ್ತಾಸ್ಯಾ ರೇಡಿಯೋ ಹಿಡಿದು ಹಿಟ್ಟು ಕೇಳುತ್ತಿದ್ದಳು. ಒಬ್ಬರು ಹಿಟ್ಟು ತರುತ್ತೇನೆಂದರು, ಒಬ್ಬರು ಸಕ್ಕರೆ ಎಂದರು, ಇನ್ನೊಬ್ಬರು ಝಕಾರ್ ಕೊಟ್ಟ ಮೀನು ಕುದಿಸಿ ತರುತ್ತೇನೆಂದರು. ಮರುದಿನದ ಊಟ ಯಾರೂ ಬಲೆ ಕೊಳ್ಳದಿದ್ದರೂ ನಡೆದೇ ನಡೆಯುತ್ತಿತ್ತು. ಅವನು ಬೂಟು ಕಳಚಿ, ಸೆಟೆದ ಬೆರಳುಗಳನ್ನು ಒಲೆಯತ್ತ ಚಾಚಿದ.

"ಕುಜ್ಮಾ ಏನಂದ?" ಅತ್ತೆ ಕೇಳಿದಳು.

"ಮೀನು ಚೆನ್ನಾಗಿದೆ ಅಂದ್ರು."

"ಅಷ್ಟೇನಾ?"

"ಅಷ್ಟೇ ಅತ್ತೆ."

ಮತ್ರೋನಾ ಅವನನ್ನೇ ಒಂದು ಗಳಿಗೆ ನೋಡಿ, ಲೋಟಕ್ಕೆ ಚಹಾ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಸಕ್ಕರೆ ಇರಲಿಲ್ಲ. ಅವನು ಕೇಳಲೂ ಇಲ್ಲ.