ತೊಕ್ಕಿನ ಬಾಟಲಿಯ ತುಸ್

ಮುಚ್ಚುವ ವಿದ್ಯೆಯಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ. ಡೈರಿಗೆ ಒಂದು ಬೀಗ, ಫೋನಿಗೆ ಎರಡು, ಬಾಯಿಗಂತೂ ಬೀಗವೇ ಬೇಡ, ಅದು ತಾನಾಗಿ ತೆರೆಯುವುದಿಲ್ಲ. ಆದರೆ ಅಮ್ಮನ ನೆಲ್ಲಿಕಾಯಿ ತೊಕ್ಕಿನ ಮುಂದೆ ಸೋತಿದ್ದೆ. ಹೋದ ವರ್ಷ ಅದನ್ನು ಹುಣಸೂರಿನಿಂದ ಸರಗೂರಿನ ಅಕ್ಕನ ಮನೆಗೆ ಒಯ್ಯುವಾಗ, ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡು, ಮೇಲೊಂದು ಬಟ್ಟೆ ಕಟ್ಟಿದ್ದರೂ ಎಣ್ಣೆ ಸೋರಿ ಪಕ್ಕದ ಯಜಮಾನರ ಬಿಳಿ ಪಂಚೆ ಸೇರಿತು. "ಏನಮ್ಮಾ, ತೊಕ್ಕೂ ಟಿಕೆಟ್ ಇಲ್ದೆ ಅತ್ಬುಡ್ತಾ?" ಎಂದರು ಕಂಡಕ್ಟರು. ಇಡೀ ಬಸ್ಸು ನಕ್ಕಿತು. ರಸಾಯನಶಾಸ್ತ್ರದ ಎಂ.ಎಸ್ಸಿ. ಆದ ನಾನು ಕಿಟಕಿಯಾಚೆಯ ಹೊಗೆಸೊಪ್ಪಿನ ಹೊಲ ನೋಡುತ್ತ ಕುಳಿತೆ.

ಈ ವರ್ಷ ಸೋರುವಂತಿರಲಿಲ್ಲ. ಅಕ್ಕ ಏಳು ತಿಂಗಳ ಬಸುರಿ. ಏನೂ ಸೇರುತ್ತಿಲ್ಲ, ಆ ತೊಕ್ಕೊಂದು ಬೇಕು ಎಂದು ದಿನಾ ಫೋನು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಉಪಾಯ ಹೇಳಿಕೊಟ್ಟರು; ಅವರ ಹೆಸರು ಇಲ್ಲಿ ಅನಗತ್ಯ. ಗಾಜಿನ ಬಾಟಲಿಯನ್ನು ನೀರಲ್ಲಿ ಕುದಿಸಿ, ಒಣಗಿಸಿ, ಒಲೆಯ ಮೇಲಿನ ತೊಕ್ಕನ್ನು ಹಾಗೇ ತುಂಬಿ, ತಗಡಿನ ಮುಚ್ಚಳವನ್ನು ಬಿಸಿಯಲ್ಲೇ ಬಿಗಿಯಬೇಕು. ಆರುತ್ತ ಆರುತ್ತ ಒಳಗಿನ ಆವಿ ಕುಗ್ಗಿ ಮುಚ್ಚಳವನ್ನು ತಾನೇ ಎಳೆದುಕೊಳ್ಳುತ್ತದೆ. ತೆರೆಯುವಾಗ 'ತುಸ್' ಎಂದರೆ ಗೆದ್ದಂತೆ ಎಂದಿದ್ದರು. ಆರಿದ ಬಾಟಲಿಯನ್ನು ಬಕೆಟ್ಟಿನ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಸಂಭ್ರಮ ತಡೆಯಲಾರದೆ ಅಮ್ಮನನ್ನು ಕರೆದು ಇನ್ನೊಮ್ಮೆ ಮುಳುಗಿಸಿದೆ, ಅಕ್ಕನಿಗೆ ವಿಡಿಯೋ ಕಳಿಸಿದೆ.

ಸರಗೂರಿನವರೆಗೆ ಒಂದು ಹನಿ ಸೋರಲಿಲ್ಲ. ಅಕ್ಕ ತಟ್ಟೆ ಹಿಡಿದೇ ಕುಳಿತಿದ್ದಳು. ಆದರೆ ಮುಚ್ಚಳ ತೆರೆಯಲಿಲ್ಲ. ಭಾವ ಟವೆಲ್ಲು ಸುತ್ತಿ ತಿರುಗಿಸಿದರು, ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದರು. ಬಾಗಿಲು ಕಿರುಗುಟ್ಟಿತು, ಅಷ್ಟೆ. ಅಕ್ಕನ ಕಣ್ಣಲ್ಲಿ ನೀರು, ನನ್ನೆದೆಯಲ್ಲಿ ಹೇಳಬಾರದಂಥ ಹೆಮ್ಮೆ.

"ಮುಚ್ಚೋದ್ ಕಲ್ಸವ್ರೆ, ತಗ್ಯೋದ್ ಕಲ್ಸಿಲ್ವೇನವ್ವಾ ಕಾಲೇಜಲ್ಲಿ?" ಎಂದರು ಅಕ್ಕನ ಅತ್ತೆ.

"ಇವ್ಳೂ ಅಂಗೇ ಕಣತ್ತೆ," ಎಂದಳು ಅಕ್ಕ. "ತಲೆಕೆಳಗಾಗಿ ಮುಳುಗ್ಸುದ್ರೂ ಒಂದ್ ಗುಳ್ಳೆ ಬುಡಲ್ಲ."

"ಬುಡ್ಲಾ, ಇತ್ತಾಗ್ ಕೊಡು," ಎಂದು ಅತ್ತೆ ಭಾವನ ಕೈಯಿಂದ ಬಾಟಲಿ ಕಿತ್ತುಕೊಂಡು, ಮುಚ್ಚಳದ ಮೇಲೊಂದು ಮೊಳೆಯಿಟ್ಟು ಕುಟ್ಟಾಣಿಯಿಂದ ಏಟು ಕೊಟ್ಟರು.

ತುಸ್.

"ಗಿರೀಶ್ ಹೇಳಿದ ಹಾಗೇ ಬಂತು!" ಎಂದು ನಾನು ಕುಣಿದೇಬಿಟ್ಟೆ.

ತೊಕ್ಕಿಗೆ ಹೊರಟಿದ್ದ ಅಕ್ಕನ ಬೆರಳು ಅಲ್ಲೇ ನಿಂತಿತು. "ಯಾವ ಗಿರೀಸ?" ಎಂದರು ಅತ್ತೆ.

ಗಾಳಿಯ ಒತ್ತಡದ ಬಗ್ಗೆ ವಿವರವಾಗಿ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಸಂಜೆ ನನ್ನ ಬಸ್ಸು ಎಚ್.ಡಿ. ಕೋಟೆ ಮುಟ್ಟುವ ಮೊದಲೇ ಅಮ್ಮನ ಫೋನು ಬಂತು. ತೊಕ್ಕು ಸೋರಿತೇ ಎಂದು ಅವಳು ಕೇಳಲಿಲ್ಲ. "ಯಾವ ಊರಿನವರೇ ಗಿರೀಶ್?" ಎಂದಳು.

ನಿಮಗೂ ಆ ಹೆಸರು ಹೇಳಬಾರದೆಂದೇ ಇದ್ದೆ.