ಕಾಕಾ ಪಾಸು ಮಾಡದ ಹೋಲಿಕೆಗಳು

ಹೈದರಾಬಾದಿನ ಕನ್ನಡ ಕವಿಗಳು ಹೆಂಡತಿಗೆ ಹೆದರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ; ನಮ್ಮ ಕಾಕಾನಿಗೆ ಮಾತ್ರ ಗಡಗಡ ನಡುಗುತ್ತಾರೆ! ಕುಷಾಯಿಗೂಡದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಲು ತಪಾಸಣೆ ಮಾಡಿ ನಿವೃತ್ತರಾದ ಈ ಮಹಾಶಯರನ್ನು ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ಸಂಪಾದಕರನ್ನಾಗಿ ಮಾಡಿದರು. ಕುರಿ ಕಾಯಲು ತೋಳನನ್ನು ಇಟ್ಟ ಹಾಗೆ! ಕಾಕಾನ ಪ್ರಕಾರ ಹೋಲಿಕೆ ಎಂದರೆ ಸ್ಯಾಂಪಲ್ಲಿಗೂ ಮಾಲಿಗೂ ತಾಳೆಯಾಗಬೇಕು. ಆಗದಿದ್ದರೆ ಕೆಂಪು ಪೆನ್ಸಿಲಿನಲ್ಲಿ 'ರಿಜೆಕ್ಟ್' ಎಂದು ಬರೆಯುತ್ತಿದ್ದರು.

ಆಗ ಊರಿಗೆ ಸಾಫ್ಟ್‌ವೇರಿನ ಸುಗ್ಗಿ. ಮಿಯಾಪುರದ ಅಪಾರ್ಟ್‌ಮೆಂಟುಗಳ ತುಂಬ ಹುಡುಗರು, ಹುಡುಗರ ತುಂಬ ವಿರಹ. ಒಬ್ಬ 'ನೀನಿಲ್ಲದೆ ನನ್ನೆದೆಯ ಸರ್ವರ್ ನಿಂತಿದೆ' ಎಂದು ಬರೆದ. ಕಾಕಾ ಫೋನು ಮಾಡಿ, ನಿಂತು ಎಷ್ಟು ತಾಸಾಯಿತು, ಬ್ಯಾಕಪ್ ಇದೆಯೋ ಇಲ್ಲವೋ ಎಂದು ವಿಚಾರಿಸಿದರು. ಇನ್ನೊಬ್ಬರು, ಪಾಪ, ಬ್ಯಾಂಕ್ ಮ್ಯಾನೇಜರು, ಹೆಂಡತಿಯ ಜಡೆಯನ್ನು ನಾಗರಹಾವು ಎಂದಿದ್ದರು. ಕಾಕಾ ಸೀದಾ ಅವರ ಮನೆಗೇ ಹೋದರು, ಜಡೆ ನೋಡಲು! ಆ ತಾಯಿ ಅದೇ ವಾರ ಕೂದಲು ಕತ್ತರಿಸಿಕೊಂಡಿದ್ದರು. ಕವಿತೆ ರಿಜೆಕ್ಟ್ ಆಯಿತು.

ಕಾಕಿಯನ್ನಾದರೂ ಬಿಟ್ಟರೇ? ಮದುವೆಯ ಹೊಸದರಲ್ಲಿ ಆಕೆ, "ನಾ ಮಲ್ಲಿಗಿ ಹಂಗ ಅದೀನೇನ್ರಿ?" ಎಂದು ಕೇಳಿದ್ದಳಂತೆ. "ಮಲ್ಲಿಗಿ ಇಷ್ಟ ಮಾತಾಡೂದಿಲ್ಲ" ಎಂದರಂತೆ ಕಾಕಾ. ಕಾಕಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಕಾಕಾ ಆಕೆಯನ್ನು ಚೆನ್ನಾಗಿ ನೋಡಿ, "ಈಗ ಹೊಂದತೈತಿ, ಪಾಸ್" ಎಂದರಂತೆ! ಇದನ್ನು ಕಾಕಿಯೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಹೇಳುತ್ತಿದ್ದಳು.

ಆ ಕಾಕಿ ಒಂದು ಚಳಿಗಾಲ ಜ್ವರ ಬಂದು ತೀರಿಕೊಂಡಳು. ಸಂಚಿಕೆಗೆ ಆಕೆಯ ಬಗ್ಗೆ ಒಂದು ಪುಟ ಬರೆಯುವುದು ನನ್ನ ಪಾಲಿಗೆ ಬಂತು. ಈ ಊರಲ್ಲಿ ಎಂಟು ವರ್ಷ ನನಗೆ ರೊಟ್ಟಿ ಬಡಿದು ಹಾಕಿದಾಕೆ. ಆ ಪುಟವೊಂದು ಚೆನ್ನಾಗಿ ಬರಲೇಬೇಕೆಂದು ನನ್ನ ಹಟ. 'ಮನೆಯ ದೀಪ ಆರಿತು' ಎಂದು ಬರೆದೊಯ್ದೆ. ಕಾಕಾ ಕೆಂಪು ಗೆರೆ ಎಳೆದೇಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಕಾಕಿಯ ವಿಷಯದಲ್ಲಾದರೂ ನಿಮ್ಮ ತಪಾಸಣೆ ಬಿಡಬಾರದೇ ಎಂದು ಕೂಗಾಡಿದೆ.

ಕಾಕಾ ಪೆನ್ಸಿಲ್ ಕೆಳಗಿಟ್ಟರು.

"ದೀಪ ಆರಿದ್ರ ಮತ್ತ ಹಚ್ಚಬಹುದಲ್ಲಪಾ," ಎಂದರು. "ಕೋಠಿ ಬಜಾರದಾಗ ರಸ್ತಾ ದಾಟುಮುಂದ ಆಕಿ ನನ್ನ ಅಂಗಿ ತೋಳು ಹಿಡಕೋತಿದ್ಲು. ಅಂಜತಾಳ ಅನ್ಕೊಂಡಿದ್ದೆ. ಮೊನ್ನೆ ಒಬ್ಬನ ಹೋಗಿದ್ದೆ. ಅರ್ಧಾ ತಾಸು ನಿಂತೆ, ದಾಟಾಕ ಆಗ್ಲಿಲ್ಲ. ಹೊಳ್ಳಿ ಬಂದೆ. ಇದಕ್ಕ ಹೋಲಿಕಿ ಸಿಕ್ರ ಹಾಕು, ಪಾಸ್ ಮಾಡತೀನಿ."

ಎಷ್ಟು ತಡಕಿದರೂ ಸಿಗಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಅಚ್ಚಿಗೆ ಕೊಟ್ಟೆ. ಆ ಭಾನುವಾರ ಇಬ್ಬರೂ ಕೋಠಿಗೆ ಹೋದೆವು. ರಸ್ತೆಯ ಅಂಚಿಗೆ ಬಂದಾಗ ನಾನು ಅವರ ಅಂಗಿಯ ತೋಳು ಹಿಡಿದುಕೊಂಡೆ. ಕಾಕಾ ನನ್ನ ಕಡೆ ನೋಡಲಿಲ್ಲ, ದಾಟಿದರು.